ಅಡೇನಿಯಂ: ನೀರು ಬೇಡದ ಗಿಡವೆಂಬ ಸುಳ್ಳು

ದಪ್ಪ ಬುಡ, ಮೇಲೆ ಗುಲಾಬಿ ಬಣ್ಣದ ಹೂಗೊಂಚಲು. ತಾರಸಿ ತೋಟಗಳ ಈ ಅಚ್ಚುಮೆಚ್ಚಿನ ಗಿಡ ಬೇಸಿಗೆಯಲ್ಲಿ ಬಾಯಾರಿ ಸೊರಗುತ್ತದೆ, ಮಳೆಗಾಲದಲ್ಲಿ ಕೊಳೆತು ಸಾಯುತ್ತದೆ. ಎರಡಕ್ಕೂ ಮೂಲ ಒಂದೇ ತಪ್ಪು ತಿಳಿವಳಿಕೆ.

ಅಡೇನಿಯಂ ಕೊಳ್ಳಲು ಹೋದವರಿಗೆ ನರ್ಸರಿಯಲ್ಲಿ ಗಿಡದ ಜೊತೆ ಒಂದು ಸಲಹೆಯೂ ಪುಕ್ಕಟೆಯಾಗಿ ಸಿಗುತ್ತದೆ: ‘ಇದಕ್ಕೆ ನೀರೇ ಬೇಡ, ವಾರಕ್ಕೊಂದು ಲೋಟ ಹಾಕಿದರೆ ಸಾಕು.’ ಊರಿಗೆ ಹೋದರೆ ಗಿಡಗಳ ಗತಿಯೇನು ಎಂದು ಚಿಂತಿಸುವವರಿಗೆ ಇದಕ್ಕಿಂತ ಹಿತವಾದ ಮಾತು ಇನ್ನೊಂದಿಲ್ಲ. ಆದರೆ ಈ ಮಾತನ್ನು ಚಾಚೂ ತಪ್ಪದೆ ಪಾಲಿಸಿದವರ ಮನೆಯಲ್ಲಿ ಗಿಡ ಏಪ್ರಿಲ್‌ನಲ್ಲಿ ಎಲೆ ಸುರುಟಿಕೊಂಡು, ಹೂವಿಲ್ಲದೆ ನಿಂತಿರುತ್ತದೆ. ಅದೇ ಗಿಡ ಸೆಪ್ಟೆಂಬರ್‌ನ ಜಡಿಮಳೆಯಲ್ಲಿ ಬುಡ ಮೆತ್ತಗಾಗಿ ಒಂದು ದಿನ ಪಕ್ಕಕ್ಕೆ ವಾಲುತ್ತದೆ. ಬೇಸಿಗೆಯಲ್ಲಿ ನೀರು ಸಾಲದೆ ಹೋಯಿತು. ಮಳೆಗಾಲದಲ್ಲಿ ಬಂದ ನೀರು ಕುಂಡ ಬಿಟ್ಟು ಹೋಗಲಿಲ್ಲ.

ಅಡೇನಿಯಂ ಪೂರ್ತಿ ಕಳ್ಳಿಯ ಜಾತಿಗೆ ಸೇರಿದ್ದಲ್ಲ. ಸಸ್ಯಪ್ರಿಯರು ಇದನ್ನು ‘ಸೆಮಿ ಸಕ್ಯುಲೆಂಟ್’, ಅಂದರೆ ಅರೆ ರಸಭರಿತ ಸಸ್ಯ ಎನ್ನುತ್ತಾರೆ. ಕಾಂಡ ಮತ್ತು ಬೇರು ನೀರು ಕೂಡಿಡುತ್ತವೆ. ಎಲೆ ಮಾತ್ರ ಸಾಮಾನ್ಯ ಮರದ ಎಲೆಯೇ. ಬಿಸಿಲಿಗೆ ನೀರು ಆವಿ ಮಾಡುತ್ತಲೇ ಇರುತ್ತದೆ. ಎಲೆ ತುಂಬಿದ ತಿಂಗಳುಗಳಲ್ಲಿ ಇದನ್ನು ಮರವೆಂದು ನೋಡಬೇಕು, ಎಲೆ ಉದುರಿದ ತಿಂಗಳುಗಳಲ್ಲಿ ಕಳ್ಳಿಯೆಂದು. ಇಷ್ಟು ತಿಳಿದರೆ ಅರ್ಧ ಆರೈಕೆ ಮುಗಿಯಿತು. ಉಳಿದರ್ಧ ಕುಂಡದೊಳಗಿನ ಮಿಶ್ರಣದಲ್ಲಿದೆ.

ಯೆಮೆನ್‌ನಲ್ಲಿ ಕಂಡ ಮರ

1761ರ ಜನವರಿಯಲ್ಲಿ ಡೆನ್ಮಾರ್ಕ್‌ನ ರಾಜನ ಆಶ್ರಯದಲ್ಲಿ ಒಂದು ಸಣ್ಣ ತಂಡ ಕೋಪನ್‌ಹೇಗನ್‌ನಿಂದ ಅರೇಬಿಯಾಕ್ಕೆ ಹೊರಟಿತು. ಅದರಲ್ಲಿದ್ದ ಸಸ್ಯವಿಜ್ಞಾನಿ ಪೀಟರ್ ಫೋರ್ಸ್‌ಕೋಲ್, ಲಿನೇಯಸ್‌ನ ಶಿಷ್ಯ. ಈಜಿಪ್ಟ್ ದಾಟಿ ಯೆಮೆನ್ ತಲುಪಿದ ಆತ ಅಲ್ಲಿನ ಬೆಟ್ಟಗಳಲ್ಲಿ ಗಿಡಗಳನ್ನು ಕಲೆಹಾಕುತ್ತಿದ್ದಾಗಲೇ ಮಲೇರಿಯಾಕ್ಕೆ ತುತ್ತಾಗಿ 1763ರಲ್ಲಿ ತೀರಿಕೊಂಡ. ಆಗ ಅವನಿಗೆ 31 ವರ್ಷ. ತಂಡದಲ್ಲಿ ಬದುಕಿ ಊರಿಗೆ ಮರಳಿದವನು ಕಾರ್ಸ್ಟನ್ ನೀಬೂರ್ ಒಬ್ಬನೇ. ಗೆಳೆಯನ ಟಿಪ್ಪಣಿಗಳನ್ನು ಜೋಪಾನ ಮಾಡಿ ತಂದ ನೀಬೂರ್ 1775ರಲ್ಲಿ ಅವನ್ನು ಪುಸ್ತಕವಾಗಿ ಪ್ರಕಟಿಸಿದ. ದಪ್ಪ ಬುಡದ ಈ ಗಿಡದ ಮೊದಲ ಶಾಸ್ತ್ರೀಯ ವಿವರಣೆ ಇರುವುದು ಅದರಲ್ಲಿ. ಹೂವನ್ನು ನೋಡಿದ ಫೋರ್ಸ್‌ಕೋಲ್ ಇದನ್ನು ಕಣಗಿಲೆಯ ಕುಲಕ್ಕೇ ಸೇರಿಸಿ ‘ನೀರಿಯಂ ಒಬೇಸಂ’ ಎಂದು ಕರೆದಿದ್ದ. ಅಡೇನಿಯಂ ಎಂಬ ಬೇರೆ ಕುಲ ಹುಟ್ಟಿಕೊಂಡದ್ದು 1819ರಲ್ಲಿ. ಆದರೂ ಅವನ ಊಹೆ ಪೂರ್ತಿ ತಪ್ಪಾಗಿರಲಿಲ್ಲ. ನಮ್ಮ ಹಿತ್ತಿಲ ಕಣಗಿಲೆ, ದೇವಸ್ಥಾನದ ಅಂಗಳದ ದೇವಕಣಗಿಲೆ, ಈ ಅಡೇನಿಯಂ ಮೂರೂ ಒಂದೇ ಕುಟುಂಬದವು.

ಅಡೇನಿಯಂ ಒಬೇಸಂನ ತವರು ಆಫ್ರಿಕಾದ ಪಶ್ಚಿಮ ತುದಿಯ ಸೆನೆಗಲ್‌ನಿಂದ ಸಹಾರಾದ ದಕ್ಷಿಣ ಅಂಚಿನುದ್ದಕ್ಕೂ ಸಾಗಿ ಇಥಿಯೋಪಿಯಾ, ಸೊಮಾಲಿಯಾ, ಕೀನ್ಯಾಗಳನ್ನು ಹಾದು ಅರೇಬಿಯಾದ ಯೆಮೆನ್, ಒಮಾನ್‌ವರೆಗೆ ಹರಡಿದೆ. ಅರಬ್ಬಿ ಸಮುದ್ರದಲ್ಲಿರುವ ಯೆಮೆನ್‌ನ ಸೊಕೋತ್ರಾ ದ್ವೀಪದಲ್ಲಿ ಇದರ ಬಂಧು ಅಡೇನಿಯಂ ಸೊಕೋಟ್ರಾನಂ ನಿಜವಾದ ಮರವಾಗಿಯೇ ಬೆಳೆಯುತ್ತದೆ. ನಾಲ್ಕೈದು ಮೀಟರ್ ಎತ್ತರ, ಒಂದು ಮೀಟರಿಗೂ ಮೀರಿದ ಅಗಲದ ಬುಡ, ನೆತ್ತಿಯ ಮೇಲೆ ನಾಲ್ಕಾರು ಮೋಟು ಕೊಂಬೆ. 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ದ್ವೀಪದ ಚಿತ್ರಗಳಲ್ಲಿ ಬಂಡೆಗೆ ಆತು ನಿಂತಿರುವ ಈ ಮರಗಳನ್ನು ಅನೇಕರು ನೋಡಿರಬಹುದು.

ಆ ಚಿತ್ರಗಳನ್ನು ಇನ್ನೊಮ್ಮೆ ಗಮನಿಸಿ. ಮರ ನಿಂತಿರುವುದು ಇಳಿಜಾರಿನಲ್ಲಿ, ಬಂಡೆಯ ಬಿರುಕಿನಲ್ಲಿ, ಗರಸು ಕಲ್ಲಿನ ನಡುವೆ. ಮಳೆ ಬಂದಾಗ ಬೇರಿಗೆ ಧಾರಾಳವಾಗಿ ನೀರು ಸಿಗುತ್ತದೆ, ಆಮೇಲೆ ಅದು ಹರಿದು, ಇಂಗಿ ಹೋಗಿಬಿಡುತ್ತದೆ. ಬೇರಿನ ಸುತ್ತ ಗಾಳಿಯಾಡುತ್ತದೆ. ನಾವು ಕುಂಡದಲ್ಲಿ ಮಾಡಿಕೊಡಬೇಕಾದದ್ದು ಇಂಥ ಇಳಿಜಾರನ್ನೇ.

ಆಫ್ರಿಕಾದ ನೀರುಬುಡದ ಮರ ಕರ್ನಾಟಕಕ್ಕೆ ಒಗ್ಗೀತೇ ಎಂಬ ಅನುಮಾನ ಬೇಡ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಜನ ದೊಡ್ಡಹುಣಸೆ ಎಂದು ಕರೆಯುವ ಬಾವೊಬಾಬ್ ಮರಗಳೂ ಆಫ್ರಿಕಾದ ಮೂಲದವೇ, ಕಾಂಡದಲ್ಲಿ ನೀರು ಕೂಡಿಡುವಂಥವೇ. ಒಗ್ಗದೆ ಇರುವುದು ನಮ್ಮ ಕುಂಡದ ಮಣ್ಣು.

ಎಲೆ ನೋಡಿ ನೀರು

ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು ಎಂಬ ಪ್ರಶ್ನೆಗೆ ದಿನದ ಲೆಕ್ಕದಲ್ಲಿ ಉತ್ತರವಿಲ್ಲ. ಎಲೆಯ ಲೆಕ್ಕದಲ್ಲಿ ಇದೆ.

ಬಿಸಿಲು ಏರಿ ಹೊಸ ಚಿಗುರು ಮೂಡಿದೆ, ಎಲೆ ಹೊಳೆಯುತ್ತಿದೆ, ಮೊಗ್ಗು ಕಟ್ಟುತ್ತಿದೆ ಎಂದರೆ ಗಿಡ ಎದ್ದಿದೆ ಎಂದೇ ಅರ್ಥ. ಆಗ ತಳದ ತೂತಿನಿಂದ ಹರಿಯುವಷ್ಟು ತುಂಬಾ ನೀರು ಕೊಡಿ. ಒರಟು ಮಿಶ್ರಣದ ಸಣ್ಣ ಕುಂಡವಾದರೆ ಕಲಬುರಗಿ, ಬಳ್ಳಾರಿ ಕಡೆಯ ಮೇ ತಿಂಗಳಲ್ಲಿ ದಿನವೂ ಬೇಕಾದೀತು. ಬೆಂಗಳೂರಿನಲ್ಲಿ ಎರಡು-ಮೂರು ದಿನಕ್ಕೊಮ್ಮೆ ಸಾಕಾದೀತು. ಲೋಟದ ಲೆಕ್ಕದಲ್ಲಿ ಹನಿಸಿದರೆ ಮೇಲಿನ ಒಂದಿಂಚು ಮಾತ್ರ ನೆನೆದು ಒಳಬೇರು ಒಣಗಿಯೇ ಉಳಿಯುತ್ತದೆ. ಕೊಡುವಾಗ ಪೂರ್ತಿ ಕೊಡಬೇಕು, ಆಮೇಲೆ ಪೂರ್ತಿ ಒಣಗಲು ಬಿಡಬೇಕು.

ಎಲೆ ಹಳದಿಯಾಗಿ ಒಂದೊಂದಾಗಿ ಉದುರುತ್ತಿದ್ದು ಹೊಸ ಚಿಗುರಿಲ್ಲದಿದ್ದರೆ ಗಿಡ ನಿದ್ದೆಗೆ ಇಳಿಯುತ್ತಿದೆ. ಬೆಂಗಳೂರಿನ ಡಿಸೆಂಬರ್-ಜನವರಿಯ ತಂಪಿನಲ್ಲಿ ಇದು ಸಹಜ. ರಾತ್ರಿಯ ತಾಪಮಾನ 15 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಬೆಳವಣಿಗೆ ನಿಧಾನವಾಗುತ್ತದೆ. 10 ಡಿಗ್ರಿಯ ಹತ್ತಿರ ಬಂದರೆ ಗಿಡ ಬೋಳಾಗುವುದೂ ಉಂಟು. ಎಲೆಯಿಲ್ಲದ ಗಿಡ ನೀರು ಕುಡಿಯುವುದು ಅತ್ಯಲ್ಪ. ‘ಅಯ್ಯೋ, ಎಲೆ ಉದುರುತ್ತಿದೆ’ ಎಂದು ಆಗ ದಿನವೂ ನೀರೆರೆದರೆ ಬೇರಿಗೆ ಅಪಾಯ. ದೇವಸ್ಥಾನದ ಮುಂದಿನ ದೇವಕಣಗಿಲೆ ಬೋಳಾಗಿ ನಿಂತಾಗ ಯಾರೂ ಬಿಂದಿಗೆ ಹಿಡಿದು ಓಡುವುದಿಲ್ಲ; ಕಾಲ ಬಂದಾಗ ಅದು ತಾನಾಗಿ ಚಿಗುರುತ್ತದೆ ಎಂದು ಎಲ್ಲರಿಗೂ ಗೊತ್ತು. ಅದರ ಬಂಧುವಿನ ಮೇಲೂ ಅದೇ ನಂಬಿಕೆ ಇಡಬೇಕು.

ಸಂದೇಹವಿದ್ದರೆ ಊದುಬತ್ತಿಯ ಬರಿಯ ಕಡ್ಡಿಯೊಂದನ್ನು ಕುಂಡದ ಅಂಚಿನಲ್ಲಿ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಕಪ್ಪಾಗಿ ತೇವವಾಗಿದ್ದರೆ ಇನ್ನೂ ಕಾಯಬಹುದು. ಮೇಲ್ಮಣ್ಣನ್ನು ಮುಟ್ಟಿ ನೋಡಿ ನಿರ್ಧರಿಸುವುದಕ್ಕಿಂತ ಇದು ಮೇಲು, ಏಕೆಂದರೆ ಮೇಲೆ ಧೂಳೆದ್ದಿದ್ದರೂ ತಳದಲ್ಲಿ ಕೆಸರಿರಬಹುದು.

ಬಿಸಿಲಿನ ವಿಷಯದಲ್ಲಿ ರಾಜಿಯಿಲ್ಲ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಅಪಾರ್ಟ್‌ಮೆಂಟಿನ ಉತ್ತರ ದಿಕ್ಕಿನ ಬಾಲ್ಕನಿಯಲ್ಲಿ ಅಡೇನಿಯಂ ಬದುಕಬಹುದು, ಹೂ ಬಿಡಲಾರದು. ಬೆಳಕನ್ನು ಹುಡುಕುತ್ತಾ ಕೊಂಬೆ ಸಣಕಲಾಗಿ ಉದ್ದುದ್ದ ಬೆಳೆಯುತ್ತದೆ. ಅಂಥ ಮನೆಯವರು ಬೇರೆ ಗಿಡ ಆರಿಸಿಕೊಳ್ಳುವುದು ಗಿಡಕ್ಕೂ ಒಳ್ಳೆಯದು, ಅವರಿಗೂ ಒಳ್ಳೆಯದು.

ಕುಂಡದ ತಳದಲ್ಲಿ ಏನಾಗುತ್ತದೆ

ಕುಂಡದ ತಳಕ್ಕೆ ಎರಡು ಇಂಚು ಜಲ್ಲಿ ಅಥವಾ ಹೆಂಚಿನ ಚೂರು ಹಾಸಿ ಮೇಲೆ ಮಣ್ಣು ತುಂಬುವುದು ನಮ್ಮಲ್ಲಿ ತಲೆಮಾರುಗಳ ರೂಢಿ. ನೀರು ಬೇಗ ಇಳಿದುಹೋಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಆಗುವುದು ಅದರ ವಿರುದ್ಧ.

ನೆನೆದ ಟವೆಲನ್ನು ಹಗ್ಗದ ಮೇಲೆ ಹರವಿದರೆ ಮೇಲಿನ ಭಾಗ ಬೇಗ ಒಣಗಿ, ಕೆಳಗಿನ ಅಂಚು ಕೊನೆಯವರೆಗೂ ಒದ್ದೆಯಾಗಿಯೇ ಇರುತ್ತದಲ್ಲ, ಕುಂಡದ ಮಣ್ಣಿನಲ್ಲೂ ಅದೇ ನಡೆಯುತ್ತದೆ. ಎಷ್ಟೇ ತೂತಿದ್ದರೂ ಮಣ್ಣಿನ ಕೆಳತುದಿಯಲ್ಲಿ ಒಂದು ಪದರ ನೀರನ್ನು ಹಿಡಿದುಕೊಂಡಿರುತ್ತದೆ. ತಳಕ್ಕೆ ಜಲ್ಲಿ ಹಾಕಿದರೆ ಆ ಒದ್ದೆ ಪದರ ಮಾಯವಾಗುವುದಿಲ್ಲ. ಎರಡು ಇಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬರುತ್ತದೆ. ತೂತಿನ ಮೇಲೆ ಮಣ್ಣು ಸೋರದಂತೆ ಒಂದು ಹೆಂಚಿನ ಚೂರೋ ಬಲೆಯ ತುಂಡೋ ಸಾಕು. ಆ ಜಲ್ಲಿಯನ್ನು ತಳದಲ್ಲಿ ಹಾಸುವ ಬದಲು ಮಿಶ್ರಣದ ತುಂಬ ಬೆರೆಸಿಬಿಡಿ.

ಒದ್ದೆ ಪದರದ ಎತ್ತರ ನಿರ್ಧಾರವಾಗುವುದು ಮಿಶ್ರಣದ ಕಣದ ಗಾತ್ರದಿಂದ. ನುಣುಪು ಮಣ್ಣಿನಲ್ಲಿ ಅದು ಎತ್ತರ, ಒರಟು ಕಣಗಳಲ್ಲಿ ತೀರಾ ತೆಳು. ಬುಡ ಚೆನ್ನಾಗಿ ಕಾಣಲೆಂದು ಅಡೇನಿಯಂ ಅನ್ನು ಅಗಲವಾದ, ಆಳವಿಲ್ಲದ ಬೋಗುಣಿಯಲ್ಲಿ ಇಡುವ ಫ್ಯಾಷನ್ ಈಗ ಇದೆ. ಅಂಥ ಬೋಗುಣಿಯಲ್ಲಿ ಮಣ್ಣಿನ ಎತ್ತರವೇ ನಾಲ್ಕು ಇಂಚು. ಅದರಲ್ಲಿ ಅರ್ಧ ಸದಾ ಒದ್ದೆಯಿದ್ದರೆ ಬೇರಿಗೆ ಉಳಿಯುವುದೇನು? ಕುಂಡ ತೆಳುವಾದಷ್ಟೂ ಮಿಶ್ರಣ ಒರಟಾಗಿರಬೇಕು.

ಬೆಂಗಳೂರು, ಮೈಸೂರು, ತುಮಕೂರಿನ ಹವೆಗೆ ಎರಡು ಭಾಗ ಒರಟು ಪದಾರ್ಥಕ್ಕೆ ಒಂದು ಭಾಗ ತೇವ ಹಿಡಿಯುವ ಪದಾರ್ಥ ಎಂಬ ಲೆಕ್ಕ ಸರಿಹೋಗುತ್ತದೆ. ಒರಟು ಎಂದರೆ ಮೂರರಿಂದ ಆರು ಮಿಲಿಮೀಟರ್ ಗಾತ್ರದ ಸಿಂಡರ್, ಇಟ್ಟಿಗೆ ಚೂರು, ಸಣ್ಣ ಜಲ್ಲಿ, ಪರ್ಲೈಟ್, ಇದ್ದಿಲ ಚೂರು. ತೇವ ಹಿಡಿಯುವುದಕ್ಕೆ ಕೊಕೊಪೀಟ್, ಎರೆಗೊಬ್ಬರ, ಚೆನ್ನಾಗಿ ಕಳಿತ ಎಲೆಗೊಬ್ಬರ. ಕರಾವಳಿ, ಮಲೆನಾಡಿನಲ್ಲಿ ಒರಟಿನ ಪಾಲು ಮೂರಕ್ಕೇರಲಿ. ಅಲ್ಲಿ ಸುಲಭವಾಗಿ ಸಿಗುವ ಮುರಕಲ್ಲಿನ ಚೂರೂ ಆಗುತ್ತದೆ. ವಿಜಯಪುರ, ರಾಯಚೂರಿನ ಬಿಸಿಲಿಗೆ ಸಮಪಾಲು ಸಾಕು.

ಬಳಸಬಾರದ ಪದಾರ್ಥಗಳೂ ಇವೆ. ಎರೆಮಣ್ಣು ಬೇಡವೇ ಬೇಡ. ಬರಿಯ ಕೆಮ್ಮಣ್ಣು ಎರಡು ಮಳೆಗೆ ಗಟ್ಟಿ ಹೆಂಟೆಯಾಗುತ್ತದೆ. ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು, ತೊಳೆದು, ಪುಡಿಯನ್ನೆಲ್ಲ ತೆಗೆದು ಬಳಸಿ. ಸಮುದ್ರದ ಮರಳಿನಲ್ಲಿ ಉಪ್ಪಿರುತ್ತದೆ. ಮಿಶ್ರಣ ಸರಿಯಿದೆಯೇ ಎಂದು ತಿಳಿಯಲು ಒಂದು ಚೊಂಬು ನೀರು ಸುರಿದು ನೋಡಿ. ಕೆಲವೇ ಕ್ಷಣಗಳಲ್ಲಿ ಮೇಲಿನ ನೀರು ಮಾಯವಾಗಿ ಕೆಳಗಿನಿಂದ ಹರಿಯಬೇಕು. ಮೇಲೆ ಕೊಳವಾಗಿ ನಿಂತರೆ ಆ ಮಿಶ್ರಣ ಮಳೆಗಾಲಕ್ಕೆ ತಡೆಯುವುದಿಲ್ಲ.

ಮಣ್ಣಿನ ಕುಂಡ ಗೋಡೆಯಿಂದಲೂ ಉಸಿರಾಡುತ್ತದೆ, ಬೇಗ ಒಣಗುತ್ತದೆ. ಮಳೆ ಹೆಚ್ಚಿರುವ ಊರಿಗೆ ಅದೇ ಉತ್ತಮ. ಬಿಸಿಲ ನಾಡಿನಲ್ಲಿ ಪ್ಲಾಸ್ಟಿಕ್ ಕುಂಡವೂ ನಡೆಯುತ್ತದೆ. ಯಾವುದೇ ಕುಂಡವಾದರೂ ಅಡಿಯಲ್ಲಿ ನೀರು ನಿಲ್ಲುವ ತಟ್ಟೆ ಬೇಡ. ಎರಡು ಇಟ್ಟಿಗೆಯ ಮೇಲೆ ಎತ್ತಿಡಿ, ಗಾಳಿ ಹಾಯಲಿ.

ಮಳೆ ನಕ್ಷತ್ರಗಳ ಪಂಚಾಂಗ

ಅಡೇನಿಯಂ ಸಾಕಲು ಇಂಗ್ಲಿಷ್ ಪುಸ್ತಕಗಳ ಬೇಸಿಗೆ-ಚಳಿಗಾಲದ ವಿಂಗಡಣೆ ನಮಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಅವು ಹಿಮ ಬೀಳುವ ದೇಶಗಳಿಗಾಗಿ ಬರೆದವು. ನಮ್ಮ ರೈತರ ಮಳೆ ನಕ್ಷತ್ರಗಳ ಲೆಕ್ಕವೇ ಇಲ್ಲಿ ಚೆನ್ನಾಗಿ ಹೊಂದುತ್ತದೆ.

ಶಿವರಾತ್ರಿಯಿಂದ ಯುಗಾದಿಯವರೆಗಿನ ಅವಧಿ ಕತ್ತರಿ ಮತ್ತು ಕುಂಡ ಬದಲಿಸುವ ಕಾಲ. ತಂಪು ಹೋಗಿ ಬಿಸಿಲು ಏರುತ್ತಿರುತ್ತದೆ, ಗಾಳಿ ಒಣಗಿರುತ್ತದೆ, ಗಾಯ ಬೇಗ ಮಾಯುತ್ತದೆ. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು, ಅಂದರೆ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗಿನ ಮಳೆಗಳು ಈ ಗಿಡಕ್ಕೆ ಹಬ್ಬ. ಸಂಜೆ ಗುಡುಗಿ ಅರ್ಧ ತಾಸು ಸುರಿದು ಮರುದಿನ ಮತ್ತೆ ಸುಡುಬಿಸಿಲು ಬರುವ ಈ ಮಳೆಗೆ ಗಿಡವನ್ನು ಬಯಲಿನಲ್ಲೇ ಬಿಡಿ. ಹೊಸ ಮಳೆಗೆ ಎಲೆಯ ಧೂಳು ತೊಳೆದು ಹೋಗುತ್ತದೆ, ಚಿಗುರು ಒಡೆಯುತ್ತದೆ.

ಮೃಗಶಿರ ಹೂಡಿದ ಮೇಲೆ ಕರಾವಳಿಯವರ ಲೆಕ್ಕ ಬದಲಾಗುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ. ದಿನಗಟ್ಟಲೆ ಬಿಸಿಲೇ ಇಲ್ಲದ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ ಎಂಥ ಮಿಶ್ರಣವೂ ಒಣಗದು. ಅಲ್ಲಿ ಗಿಡ ಸೂರಿನಡಿಗೆ, ಗಾಳಿ ಬೆಳಕು ಬರುವ ಜಗಲಿಗೆ ಬರಬೇಕು ಅಥವಾ ಪಾರದರ್ಶಕ ಶೀಟಿನ ಕೆಳಗಿರಬೇಕು. ಈ ಮಳೆಗಳು ಮುಗಿಯುವವರೆಗೆ ಎಲೆ ಉದುರಿದರೆ ಉದುರಲಿ, ನೀರು ಬಹುತೇಕ ನಿಲ್ಲಿಸಿ.

ಬೆಂಗಳೂರಿನವರು ಎಚ್ಚರವಾಗಿರಬೇಕಾದದ್ದು ಸ್ವಲ್ಪ ತಡವಾಗಿ. ನಗರದ ವಾರ್ಷಿಕ ಮಳೆ ಸಾವಿರ ಮಿಲಿಮೀಟರಿಗೆ ಹತ್ತಿರ. ಅದರಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ಗಳದ್ದು ದೊಡ್ಡ ಪಾಲು. ಜೂನ್-ಜುಲೈಯ ತುಂತುರು ಮತ್ತು ಮೋಡದಲ್ಲಿ ಗಿಡ ಹೇಗೋ ತಡೆದುಕೊಳ್ಳುತ್ತದೆ. ಉತ್ತರೆ, ಹಸ್ತ, ಚಿತ್ತೆಗಳಲ್ಲಿ ರಾತ್ರಿಯೆಲ್ಲ ಸುರಿಯುವ ಮಳೆ, ಅದರ ಬೆನ್ನಿಗೇ ತಂಪಾಗುವ ಹವೆ, ಎರಡೂ ಸೇರಿ ಬುಡ ಕೊಳೆಸುತ್ತವೆ. ಗೌರಿ-ಗಣೇಶನ ಹಬ್ಬಕ್ಕೆ ಮನೆ ಗುಡಿಸುವಾಗಲೇ ಅಡೇನಿಯಂಗಳನ್ನೂ ಸೂರಿನಡಿಗೆ ಸರಿಸುವುದು ಒಳ್ಳೆಯ ರೂಢಿ.

ವಿಜಯಪುರ, ಬಳ್ಳಾರಿ, ಚಳ್ಳಕೆರೆಯವರು ಅದೃಷ್ಟವಂತರು. ಕರಾವಳಿಯಲ್ಲಿ ಬೀಳುವುದರ ಐದನೇ ಒಂದು ಪಾಲೂ ಅಲ್ಲಿ ಬೀಳುವುದಿಲ್ಲ. ಏರಿಯ ಮೇಲೆ ಗರಸು ಬೆರೆಸಿ ನೆಟ್ಟರೆ ನೆಲದಲ್ಲೇ ಈ ಮರ ಬೆಳೆದೀತು. ಯೆಮೆನ್‌ನ ಹವೆಗೆ ರಾಜ್ಯದಲ್ಲಿ ಹತ್ತಿರವಿರುವುದು ಈ ಬಯಲುಸೀಮೆಯೇ. ಆದರೂ ಅಡೇನಿಯಂನ ಹುಚ್ಚು ಹೆಚ್ಚಿರುವುದು ಮಳೆಯ ಊರುಗಳಲ್ಲಿ!

ಬುಡ ಒತ್ತಿ ನೋಡಿ

ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ಅಡೇನಿಯಂ ಬೆಳೆಸುವವರ ಕೈಗೆ ಅಂಟಿದ ಅಭ್ಯಾಸ. ಗಟ್ಟಿಯಾಗಿದ್ದರೆ ಆರೋಗ್ಯ. ಮೆತ್ತಗಿದ್ದರೆ ಎರಡು ಕಾರಣ ಇರಬಹುದು, ಅವೆರಡಕ್ಕೂ ಮದ್ದು ಬೇರೆ.

ಬುಡ ಎಲ್ಲ ಕಡೆಯೂ ಒಂದೇ ಸಮನಾಗಿ ಸ್ವಲ್ಪ ಮೆತ್ತಗಾಗಿ, ಚರ್ಮ ಸುಕ್ಕುಗಟ್ಟಿ, ಕುಂಡ ಹಗುರವಾಗಿದ್ದರೆ ಅದು ಬಾಯಾರಿಕೆ. ಪೂರ್ತಿ ನೀರು ಕೊಟ್ಟರೆ ಕೆಲವೇ ದಿನಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಕುಂಡ ಒದ್ದೆಯಿದ್ದೂ ಬುಡದ ಒಂದು ಕಡೆ ಮಾತ್ರ ಮೆತ್ತಗಾಗಿ, ಬಣ್ಣ ಕಂದಿ, ಒತ್ತಿದರೆ ತಗ್ಗು ಬಿದ್ದರೆ ಅದು ಕೊಳೆ. ಫ್ಯುಸೇರಿಯಂ, ಪಿಥಿಯಂ, ಫೈಟಾಫ್ತೊರದಂಥ ರೋಗಾಣುಗಳು ಉಸಿರುಗಟ್ಟಿದ ಬೇರಿನ ಮೂಲಕ ಒಳಹೊಕ್ಕಿರುತ್ತವೆ. ಆಗ ನೀರು ಹಾಕುವುದು ಬೆಂಕಿಗೆ ತುಪ್ಪ ಸುರಿದಂತೆ.

ಕೊಳೆ ಕಂಡ ದಿನವೇ ಗಿಡವನ್ನು ಕುಂಡದಿಂದ ಕೀಳಿ. ಬೇರು ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಕಂದು ಭಾಗವನ್ನು ಕತ್ತರಿಸುತ್ತಾ ಹೋಗಿ. ಒಳಗಿನ ತಿರುಳು ಕಲೆಯಿಲ್ಲದೆ ಬಿಳಿಯಾಗಿ ಕಾಣುವವರೆಗೆ ನಿಲ್ಲಿಸಬೇಡಿ. ಸಾಸಿವೆಯಷ್ಟು ಕೊಳೆ ಉಳಿದರೂ ಅದು ಮತ್ತೆ ಹಬ್ಬುತ್ತದೆ. ಪ್ರತಿ ಕಡಿತಕ್ಕೂ ಚಾಕು ಒರೆಸಿ. ಶಿಲೀಂಧ್ರನಾಶಕ ಪುಡಿ ಸವರಿ, ನೆರಳಿನಲ್ಲಿ, ಗಾಳಿಯಲ್ಲಿ ಗಿಡವನ್ನು ಬರಿಬೇರಿನಲ್ಲೇ ಒಣಗಲು ಬಿಡಿ. ಗಾಯ ದೊಡ್ಡದಾದಷ್ಟೂ ಕಾಯುವಿಕೆ ಹೆಚ್ಚು. ವಾರ, ಎರಡು ವಾರ ಆದರೂ ಗಾಬರಿ ಬೇಡ. ಮಣ್ಣಿಲ್ಲದೆಯೂ ಬದುಕುವಷ್ಟು ನೀರು ಅದರ ಒಳಗೇ ಇದೆ. ಗಾಯ ಬಿರುಸಾಗಿ ಒಣಗಿದ ಮೇಲೆ ಹೊಸ, ಒಣ ಮಿಶ್ರಣದಲ್ಲಿ ನೆಟ್ಟು, ಇನ್ನೂ ಕೆಲವು ದಿನ ಬಿಟ್ಟು ಮೊದಲ ನೀರು ಕೊಡಿ.

ದಪ್ಪ ಬುಡದ ಆಸೆ

ಬುಡದ ಗಾತ್ರವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಗಿಡದ ಹುಟ್ಟು. ಬೀಜದಿಂದ ಬಂದ ಗಿಡಕ್ಕೆ ಮೊಳಕೆಯಲ್ಲೇ ಬುಡ ಉಬ್ಬಿರುತ್ತದೆ. ಕಡ್ಡಿ ನೆಟ್ಟು ಬೆಳೆಸಿದ ಗಿಡ ಹೂ ಬಿಡುತ್ತದೆ, ಆದರೆ ಬೀಜದ ಗಿಡದಷ್ಟು ಚೆಂದದ ಬುಡ ಕಟ್ಟುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಎರಡು-ಮೂರು ಸುತ್ತು ದಳದ ಬಣ್ಣಬಣ್ಣದ ತಳಿಗಳು ಸಾಮಾನ್ಯವಾಗಿ ಬೀಜದ ಗಿಡದ ಮೇಲೆ ಕಟ್ಟಿದ ಕಸಿಗಳು. ಥಾಯ್ಲೆಂಡ್ ಮತ್ತು ತೈವಾನ್‌ನ ತಳಿಗಾರರು ಈ ಕೆಲಸದಲ್ಲಿ ಮುಂದಿದ್ದಾರೆ. ಕಸಿಗಿಡ ಕೊಂಡವರು ಕಸಿಯ ಗಂಟಿನ ಕೆಳಗೆ ಹೊರಡುವ ಚಿಗುರನ್ನೆಲ್ಲ ಮುರಿದು ಹಾಕುತ್ತಿರಬೇಕು. ಬಿಟ್ಟರೆ ಅದೇ ಬಲಿತು, ಹಣ ಕೊಟ್ಟ ತಳಿ ಸೊರಗುತ್ತದೆ.

ಬುಡವನ್ನು ಹೊರಗೆ ಕಾಣಿಸಲು ಒಂದು ಉಪಾಯವಿದೆ. ವರ್ಷಕ್ಕೋ ಎರಡು ವರ್ಷಕ್ಕೋ ಕುಂಡ ಬದಲಿಸುವಾಗ ಗಿಡವನ್ನು ಹಿಂದಿನದಕ್ಕಿಂತ ಒಂದೆರಡು ಇಂಚು ಮೇಲಕ್ಕೆ ಎತ್ತಿ ನೆಡುವುದು. ಮಣ್ಣಿನೊಳಗಿದ್ದ ದಪ್ಪ ಬೇರು ಹೊರಬಂದು ಕಾಂಡದ ಭಾಗವೇ ಆಗುತ್ತದೆ. ಆದರೆ ಹೊಸದಾಗಿ ಬೆಳಕು ಕಂಡ ಆ ಚರ್ಮ ಎಳೆಯದು, ನಡುಹಗಲ ಬಿಸಿಲಿಗೆ ಸುಟ್ಟು ಕಲೆಯಾಗುತ್ತದೆ. ಕೆಲವು ವಾರ ಅರೆನೆರಳು ಕೊಡಿ. ಗಿಡವನ್ನು ಹಿಂದೆ ನಿಂತಿದ್ದ ದಿಕ್ಕಿಗೇ ತಿರುಗಿಸಿ ಇಡುವುದೂ ಒಳ್ಳೆಯದು. ಕುಂಡ ಬದಲಿಸಿದ ಮೇಲೆ ಐದಾರು ದಿನ ನೀರು ಬೇಡ. ಹರಿದ ಬೇರು ಒಣಗಲಿ.

ಹೂವು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಒಂದು ಕೊಂಬೆ ಕತ್ತರಿಸಿದರೆ ಎರಡು-ಮೂರು ಚಿಗುರು ಒಡೆಯುತ್ತವೆ, ಅಷ್ಟು ಗೊಂಚಲು ಹೆಚ್ಚುತ್ತದೆ. ಕತ್ತರಿಗೆ ಹೆದರುವವರ ಗಿಡದಲ್ಲಿ ಒಂಟಿ ಕೊಂಬೆಯ ತುದಿಗೆ ನಾಲ್ಕು ಹೂ ಮಾತ್ರ. ಆದರೆ ಮಳೆ ತಿಂಗಳುಗಳಲ್ಲಿ ಕತ್ತರಿ ಮುಟ್ಟಬೇಡಿ.

ಗೊಬ್ಬರದ ವಿಷಯದಲ್ಲಿ ಕೈ ಬಿಗಿಯಾಗಿರಲಿ. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ, ಕೊಂಬೆ ಉದ್ದವಾಗಿ, ಹೂ ಕಡಿಮೆಯಾಗುತ್ತದೆ. ಕುಂಡ ಬದಲಿಸುವಾಗ ಒಂದು ಹಿಡಿ ಬೇವಿನ ಹಿಂಡಿ, ಸ್ವಲ್ಪ ಮೂಳೆಗೊಬ್ಬರ. ಬೆಳೆಯುವ ತಿಂಗಳುಗಳಲ್ಲಿ ಪೊಟ್ಯಾಷ್ ಹೆಚ್ಚಿರುವ ದ್ರವಗೊಬ್ಬರವನ್ನು ತೆಳುವಾಗಿ ಕೊಟ್ಟರೆ ಸಾಕು. ನಿದ್ದೆಯಲ್ಲಿರುವ ಗಿಡಕ್ಕೆ ಯಾವ ಗೊಬ್ಬರವೂ ಬೇಡ. ಮಳೆಗಾಲದಲ್ಲಿ ಸಗಣಿ ಗಂಜಲ ಸುರಿಯುವ ಹವ್ಯಾಸವಿದ್ದರೆ ಬಿಟ್ಟುಬಿಡಿ.

ಜೋಡಿ ಕಾಯಿ, ಹಾರುವ ಬೀಜ

ನಮ್ಮ ತಾರಸಿಗಳಲ್ಲಿ ವರ್ಷಗಟ್ಟಲೆ ಹೂ ಬಿಟ್ಟರೂ ಅಡೇನಿಯಂ ಕಾಯಿ ಕಚ್ಚುವುದು ಅಪರೂಪ. ಹೂವಿನ ಕೊಳವೆಯ ಒಳಗೆ ಪರಾಗಕೋಶಗಳು ಒಂದಕ್ಕೊಂದು ಅಂಟಿ ಮುಚ್ಚಳವಾಗಿರುತ್ತವೆ. ಎಲ್ಲ ಕೀಟಕ್ಕೂ ಅಲ್ಲಿ ಪ್ರವೇಶವಿಲ್ಲ. ಆಸಕ್ತರು ಹೂವಿನ ಕೊಳವೆ ಸೀಳಿ, ಸಣ್ಣ ಕುಂಚದಿಂದ ಒಂದು ಗಿಡದ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತಾರೆ. ಫಲಿಸಿದರೆ ಎರಡು ಕೊಂಬುಗಳಂತೆ ಜೋಡಿ ಕಾಯಿ ಮೂಡುತ್ತದೆ. ಬಲಿಯಲು ತಿಂಗಳುಗಳೇ ಬೇಕು. ಕಾಯಿ ಒಡೆದಾಗ ಎರಡೂ ತುದಿಗೆ ರೇಷ್ಮೆಯಂಥ ಕೂದಲಿರುವ ಬೀಜಗಳು ಗಾಳಿಗೆ ಹಾರಿಹೋಗುತ್ತವೆ. ಹಾಗಾಗಿ ಬೆಳೆಗಾರರು ಕಾಯಿಗೆ ಮೊದಲೇ ದಾರ ಸುತ್ತಿಡುತ್ತಾರೆ.

ತಾಜಾ ಬೀಜ ಬೆಚ್ಚಗಿನ ಹವೆಯಲ್ಲಿ ಒಂದು ವಾರದೊಳಗೇ ಮೊಳೆಯುತ್ತದೆ, ಹಳೆಯದಾದಂತೆ ಶಕ್ತಿ ಕುಂದುತ್ತದೆ. ತಾಯಿಗಿಡದ ಬಣ್ಣವೇ ಮರಿಗೆ ಬರುತ್ತದೆಂಬ ಭರವಸೆಯಿಲ್ಲ. ಸಸಿಗಳಿಗೆ ದೊಡ್ಡ ಗಿಡದ ನಿಯಮ ಅನ್ವಯಿಸಬೇಡಿ. ಅವುಗಳ ಬುಡದಲ್ಲಿ ಇನ್ನೂ ನೀರಿನ ಗಂಟು ಕೂಡಿರುವುದಿಲ್ಲ, ಮೊದಲ ಬೇಸಿಗೆಯಲ್ಲಿ ಅವು ಪೂರ್ತಿ ಒಣಗದಂತೆ ನೋಡಿಕೊಳ್ಳಬೇಕು.

ಹುಳು ಮತ್ತು ಹಾಲು

ಎಳೆ ಚಿಗುರಿಗೆ ಹಳದಿ ಗಿಡಹೇನು, ಕೊಂಬೆಯ ಸಂದಿಗೆ ಹಿಟ್ಟು ತಿಗಣೆ, ಒಣ ಬೇಸಿಗೆಯಲ್ಲಿ ಎಲೆಯ ಕೆಳಗೆ ಜೇಡನುಸಿ. ಮೂರಕ್ಕೂ ಮೊದಲ ಮದ್ದು ನೀರಿನ ರಭಸದ ಧಾರೆ, ಆಮೇಲೆ ಸೋಪಿನ ನೀರು ಬೆರೆಸಿದ ಬೇವಿನ ಎಣ್ಣೆ, ಅದೂ ಸಂಜೆ ಹೊತ್ತು.

ರಾತ್ರೋರಾತ್ರಿ ಗಿಡ ಬೋಳಾಗಿದ್ದರೆ ಹಸಿರು ಬಣ್ಣದ ದಪ್ಪ ಹುಳುವನ್ನು ಹುಡುಕಿ. ತಲೆಯ ಹಿಂದೆ ಎರಡು ನೀಲಿ ಕಣ್ಣಿನ ಗುರುತಿದ್ದರೆ ಅದು ಕಣಗಿಲೆ ಪತಂಗದ ಮರಿ. ಕಂದು ಮೈಯ ಮೇಲೆ ಜೋಡಿ ಜೋಡಿ ಕಪ್ಪು ಎಳೆಗಳಿದ್ದರೆ ಅದು ಕಾಮನ್ ಕ್ರೋ ಚಿಟ್ಟೆಯ ಮರಿ; ಬೆಳ್ಳಿಯಂತೆ ಹೊಳೆಯುವ ಅದರ ಕೋಶ ನೋಡಲೆಂದೇ ಮಕ್ಕಳಿರುವ ಮನೆಯವರು ಒಂದು ಗಿಡವನ್ನು ಬಿಟ್ಟುಕೊಡಬಹುದು. ಎಲೆ ಕಳೆದುಕೊಂಡ ಆರೋಗ್ಯವಂತ ಅಡೇನಿಯಂ ಮತ್ತೆ ಚಿಗುರುತ್ತದೆ. ಅದಕ್ಕಾಗಿ ಕೀಟನಾಶಕ ಹೊಡೆಯುವ ಅಗತ್ಯವಿಲ್ಲ, ಕೈಯಿಂದ ಎತ್ತಿ ಹಾಕಿದರೆ ಆಯಿತು.

ಒಂದು ಎಚ್ಚರ ಮಾತ್ರ ಕಡ್ಡಾಯ. ಕಣಗಿಲೆಯಂತೆ ಅಡೇನಿಯಂನ ಹಾಲಿನಲ್ಲೂ ಹೃದಯದ ಬಡಿತವನ್ನು ಕೆಡಿಸುವ ವಿಷವಿದೆ. ಆಫ್ರಿಕಾದ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದ ವಿಷಗಳಲ್ಲಿ ಇದರ ರಸವೂ ಒಂದು. ಕತ್ತರಿಸುವಾಗ ಕೈಗವಸು ಹಾಕಿ, ಕಣ್ಣು ಮುಟ್ಟಬೇಡಿ, ಕೆಲಸ ಮುಗಿದ ಮೇಲೆ ಕೈಯನ್ನೂ ಚಾಕುವನ್ನೂ ಸೋಪಿನಲ್ಲಿ ತೊಳೆಯಿರಿ. ಅಂಬೆಗಾಲಿಡುವ ಮಗು, ಎಲೆ ಕಚ್ಚುವ ನಾಯಿಮರಿ, ಆಡು ಇರುವ ಮನೆಯಲ್ಲಿ ಗಿಡ ಎಟುಕದ ಎತ್ತರದಲ್ಲಿರಲಿ. ಕತ್ತರಿಸಿದ ಕೊಂಬೆಯನ್ನು ದನ ಮೇಯುವಲ್ಲಿ ಎಸೆಯಬೇಡಿ. ಯಾರಾದರೂ ತಿಂದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕೊಳ್ಳುವ ಮುನ್ನ

ಲಾಲ್‌ಬಾಗ್‌ನಲ್ಲಿ ವರ್ಷಕ್ಕೆರಡು ಸಲ, ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಕ್ಕೂ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಹೊಸಬರು ಅಡೇನಿಯಂ ಕೊಳ್ಳುವುದಾದರೆ ಜನವರಿಯ ಪ್ರದರ್ಶನದ ಆಸುಪಾಸು ಕೊಳ್ಳುವುದು ವಾಸಿ. ಮುಂದೆ ನಾಲ್ಕು ತಿಂಗಳ ಬಿಸಿಲಿರುತ್ತದೆ, ಗಿಡ ನಿಮ್ಮ ತಾರಸಿಗೆ ಒಗ್ಗಲು ಸಮಯ ಸಿಗುತ್ತದೆ. ಆಗಸ್ಟಿನಲ್ಲಿ ಕೊಂಡ ಗಿಡ ಮನೆಗೆ ಬಂದ ತಿಂಗಳಿಗೇ ಉತ್ತರೆ-ಹಸ್ತಗಳ ಮಳೆಯನ್ನು ಎದುರಿಸಬೇಕಾಗುತ್ತದೆ.

ಹೂವಿಗೆ ಮರುಳಾಗದೆ ಬುಡವನ್ನು ಒತ್ತಿ ನೋಡಿ. ನರ್ಸರಿಯ ಕುಂಡದಲ್ಲಿ ಬಹುಮಟ್ಟಿಗೆ ಬರಿಯ ಕೊಕೊಪೀಟ್ ಇರುತ್ತದೆ, ಸಾಗಣೆಗೆ ಹಗುರವೆಂದು. ಮನೆಗೆ ತಂದು ಒಂದೆರಡು ವಾರ ಬಿಟ್ಟು, ಬೇಸಿಗೆ ಕಳೆಯುವ ಮೊದಲೇ ಒರಟು ಮಿಶ್ರಣಕ್ಕೆ ಬದಲಾಯಿಸಿ. ಕಾಡಿನಿಂದ ಕಿತ್ತು ತಂದ ಹಳೆಯ ಮರ ಎಂದು ಯಾರಾದರೂ ಹೆಮ್ಮೆಯಿಂದ ಸಾವಿರಾರು ರೂಪಾಯಿ ಕೇಳಿದರೆ ಕೊಳ್ಳಬೇಡಿ. ಬೀಜದಿಂದ ಇಷ್ಟು ಸುಲಭವಾಗಿ ಬರುವ ಗಿಡಕ್ಕಾಗಿ ಬಂಡೆಯ ಬಿರುಕಿನ ಮರವನ್ನು ಕೀಳುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅದಕ್ಕಿಂತ ಹೆಬ್ಬೆರಳು ಗಾತ್ರದ ಬುಡವಿರುವ ಒಂದು ಬೀಜದ ಸಸಿ ತನ್ನಿ. ಬಿಸಿಲು, ಒರಟು ಮಿಶ್ರಣ, ಎಲೆಯಿದ್ದಾಗ ತುಂಬು ನೀರು, ಎಲೆಯಿಲ್ಲದಾಗ ಬಿಗಿ ಕೈ. ಈ ನಾಲ್ಕನ್ನು ಪಾಲಿಸಿದವರ ಮನೆಯಲ್ಲಿ ಅದು ದಶಕಗಳ ಕಾಲ ಬಾಳುತ್ತದೆ.